ಕಥೆ ನಡೆಯುವ ನೆಲ



ಚಿತ್ರದುರ್ಗದ ಕೋಟೆಗೆ ಹೋದವರು ಒನಕೆ ಓಬವ್ವನ ಕಿಂಡಿ ನೋಡದೆ ಬರುವುದಿಲ್ಲ. ದೊಡ್ಡ ಬಂಡೆಗಳ ನಡುವಿನ ಒಂದು ಸಂದು ಅದು. ದೊಡ್ಡವರು ಮೈ ಕುಗ್ಗಿಸಿ, ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ನುಸುಳಬೇಕು. ಅದಕ್ಕೆ ಹತ್ತಿರದಲ್ಲೇ ತಣ್ಣೀರುದೋಣಿ ಎಂಬ ನೀರಿನ ತಾಣವಿದೆ. ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದ್ದ ಕಾಲ. ಕಾವಲುಗಾರ ಊಟಕ್ಕೆಂದು ಮನೆಗೆ ಬಂದಿದ್ದಾನೆ. ಅವನಿಗೆ ಬಡಿಸಿ, ನೀರು ತರಲು ಹೊರಟ ಹೆಂಡತಿ ಓಬವ್ವನ ಕಿವಿಗೆ ಬಂಡೆಯ ಸಂದಿನಿಂದ ಪಿಸುಮಾತು ಬೀಳುತ್ತದೆ. ಗಂಡನನ್ನು ಅನ್ನದ ಮುಂದಿನಿಂದ ಎಬ್ಬಿಸದೆ ಅವಳು ಒನಕೆ ಹಿಡಿದು ಕಿಂಡಿಯ ಮಗ್ಗುಲಲ್ಲಿ ನಿಲ್ಲುತ್ತಾಳೆ. ಮುಂದಿನದು ನಾಡಿನ ಮಕ್ಕಳಿಗೆಲ್ಲ ಗೊತ್ತು.

ಈ ಕಥೆಯ ನೆಲವನ್ನು ಸ್ವಲ್ಪ ಬದಲಿಸಿ ನೋಡಿ. ಕಿಂಡಿ ಇನ್ನೆರಡು ಮೊಳ ಅಗಲವಾಗಿದ್ದರೆ ಸೈನಿಕರು ಇಬ್ಬಿಬ್ಬರಾಗಿ ನುಗ್ಗುತ್ತಿದ್ದರು, ಒಂದು ಒನಕೆ ಸಾಲುತ್ತಿರಲಿಲ್ಲ. ನೀರು ಮನೆಯ ಹಿತ್ತಲಲ್ಲೇ ಸಿಗುತ್ತಿದ್ದರೆ ಅವಳು ಆ ಕಡೆ ಹೋಗುತ್ತಲೇ ಇರಲಿಲ್ಲ. ಕಾವಲುಗಾರನ ಮನೆ ಬೆಟ್ಟದ ಕೆಳಗಿನ ಪೇಟೆಯಲ್ಲಿದ್ದರೆ ಅವನು ಊಟಕ್ಕೆ ಬಂದು ಹೋಗುವ ಹೊತ್ತಿಗೆ ಕೋಟೆಯೇ ಕೈಬಿಟ್ಟಿರುತ್ತಿತ್ತು. ಮನೆಯಲ್ಲಿ ದವಸ ಕುಟ್ಟುವ ಕೆಲಸವಿಲ್ಲದಿದ್ದರೆ ಆಳೆತ್ತರದ ಒನಕೆ ಕೈಗೆ ಎಟುಕುತ್ತಿರಲಿಲ್ಲ. ಓಬವ್ವನ ಧೈರ್ಯ ಅವಳದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಧೈರ್ಯ ಕೃತ್ಯವಾಗಿ ಹೊರಬರಲು ಬಂಡೆ, ನೀರು, ಮನೆ ಈ ಮೂರೂ ಇದ್ದ ಜಾಗದಲ್ಲೇ ಇರಬೇಕಾಗಿತ್ತು.

ಕಥೆ ಕಾದಂಬರಿ ಬರೆಯಹೊರಟವರಿಗೆ ನಾನು ಹೇಳಬೇಕಾದ ಒಂದೇ ಮಾತು ಇದರಲ್ಲಿದೆ. ಕಥೆ ನಡೆಯುವ ಜಾಗವನ್ನು ನಾಟಕದ ಹಿಂದಿನ ಪರದೆಯಂತೆ ಬರೆದು ತೂಗುಹಾಕಿದರೆ ಆಗದು. ಆ ಜಾಗ ಅಲ್ಲಿನ ಜನರಿಂದ ಏನು ಮಾಡಿಸುತ್ತದೆ, ಏನು ಮಾಡಲು ಬಿಡುವುದಿಲ್ಲ ಎಂಬುದನ್ನು ಬರೆಯುವವನು ಹುಡುಕಬೇಕು. ಸೂರ್ಯಾಸ್ತ, ಮಂಜು, ಹಕ್ಕಿಯ ದನಿ ಇವೆಲ್ಲ ಆಮೇಲೆ ತಾವಾಗಿಯೇ ಬರುತ್ತವೆ. ಬಾರದಿದ್ದರೂ ಕಥೆಗೆ ನಷ್ಟವಿಲ್ಲ.

ಚಿತ್ರದುರ್ಗದ ಮಾತು ಬಂತಲ್ಲ, ಅಲ್ಲೇ ಇನ್ನಷ್ಟು ಹೊತ್ತು ನಿಲ್ಲೋಣ. ತ.ರಾ.ಸುಬ್ಬರಾಯರು ಆ ಒಂದು ಬೆಟ್ಟವನ್ನು ಎಷ್ಟೋ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಹತ್ತಿದರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಬರೆದವರು ಕೊನೆಗೆ 1982ರಲ್ಲಿ 'ದುರ್ಗಾಸ್ತಮಾನ' ಪ್ರಕಟಿಸಿದರು. 1779ರಲ್ಲಿ ದುರ್ಗ ಹೈದರನ ವಶವಾದದ್ದು, ಅಲ್ಲಿನ ಪಾಳೆಯಗಾರ ಮದಕರಿ ನಾಯಕ ಸೆರೆಯಾದದ್ದು ಅದರ ವಸ್ತು. ಆ ಪುಸ್ತಕ ಓದಿದವರು ಕೋಟೆಗೆ ಹೋದರೆ ದಾರಿ ಕೇಳಬೇಕಾದ ಅಗತ್ಯವಿಲ್ಲ ಎನ್ನಿಸುವಷ್ಟು ಆ ನೆಲ ಅವರ ಬರವಣಿಗೆಯಲ್ಲಿ ಕೆಲಸ ಮಾಡುತ್ತದೆ. ಕೋಟೆಯ ಬಾಗಿಲುಗಳು ಒಂದರ ಎದುರಿಗೆ ಒಂದು ನೇರವಾಗಿಲ್ಲ. ಒಂದನ್ನು ದಾಟಿದವನು ಗೋಡೆಗೆ ಮುಖ ಕೊಟ್ಟು ನಿಲ್ಲಬೇಕು, ಪಕ್ಕಕ್ಕೆ ತಿರುಗಬೇಕು, ಆಮೇಲೆ ಇನ್ನೊಂದು ಬಾಗಿಲು. ಆನೆ ಓಡಿಬಂದು ಬಾಗಿಲಿಗೆ ಹಣೆ ಕೊಡಲು ಅಲ್ಲಿ ದೂರವೇ ಸಿಗುವುದಿಲ್ಲ. ತಿರುಗಿ ನಿಂತ ಸೈನಿಕನ ಮಗ್ಗುಲು ಮೇಲಿನ ಬುರುಜಿನವರಿಗೆ ಬಯಲಾಗಿರುತ್ತದೆ. ಇದು ತಿಳಿದ ಕಾದಂಬರಿಕಾರ ಯುದ್ಧದ ಪುಟ ಬರೆಯುವಾಗ "ಭೀಕರ ಕಾಳಗ ನಡೆಯಿತು" ಎಂದು ಬರೆದು ಮುಂದೆ ಹೋಗಲಾರ. ಯಾರು ಯಾವ ತಿರುವಿನಲ್ಲಿ ಸತ್ತರು ಎಂಬುದು ಅವನಿಗೆ ಕಾಣುತ್ತದೆ.

ನೀರನ್ನು ನೋಡಿ. ಮಳೆ ಕಡಿಮೆಯ ಸೀಮೆ ಅದು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡದ ಕಡೆಗೆ ಇಳಿಯುವ ಏರ್ಪಾಡು ಮಾಡಿದ್ದರು. ಮುತ್ತಿಗೆ ತಿಂಗಳುಗಟ್ಟಲೆ ನಡೆದಾಗ ಒಳಗಿನವರು ಹೇಗೆ ತಾಳಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಈ ಹೊಂಡಗಳಲ್ಲಿದೆ. ಎಣ್ಣೆ ತುಂಬಿಡುತ್ತಿದ್ದ ಕೊಳಗಳಲ್ಲಿದೆ, ಮದ್ದು ಅರೆಯುತ್ತಿದ್ದ ಆ ಭಾರೀ ಬೀಸುವ ಕಲ್ಲುಗಳಲ್ಲಿದೆ. ಹೊಂಡದ ಮೆಟ್ಟಿಲಲ್ಲಿ ನೀರು ಎಷ್ಟು ಕೆಳಗಿಳಿದಿದೆ ಎಂದು ಒಬ್ಬ ಹೆಂಗಸು ಕೊಡ ಹಿಡಿದು ನೋಡುವ ಒಂದು ಸಾಲು, ಮುತ್ತಿಗೆಯ ಎಷ್ಟನೆಯ ತಿಂಗಳು ಎಂಬುದನ್ನು ಓದುಗನಿಗೆ ಹೇಳಿಬಿಡುತ್ತದೆ.

ಹಾಗಾದರೆ ಇವತ್ತು ಬಸ್ಸು ಹತ್ತಿ ದುರ್ಗಕ್ಕೆ ಹೋಗಿ, ಬೆಟ್ಟ ಏರಿ, ಕಂಡದ್ದನ್ನೆಲ್ಲ ಬರೆದುಕೊಂಡು ಬಂದರೆ ಐತಿಹಾಸಿಕ ಕಾದಂಬರಿಗೆ ಸಾಮಗ್ರಿ ಸಿಕ್ಕಿತೆ? ಅರ್ಧ ಸಿಕ್ಕಿತು. ಉಳಿದರ್ಧ ಅಳಿಸುವ ಕೆಲಸ. ಕೋಟೆಯ ಮೇಲೆ ನಿಂತು ಸುತ್ತ ನೋಡಿದರೆ ಗುಡ್ಡಗಳ ನೆತ್ತಿಯ ಗಾಳಿಯಂತ್ರಗಳು ಎದ್ದು ಕಾಣುತ್ತವೆ. ಅವನ್ನು ತೆಗೆಯುವುದು ಯಾರಿಗಾದರೂ ಹೊಳೆಯುತ್ತದೆ. ಕಷ್ಟವಿರುವುದು ಹಸಿರಿನಲ್ಲಿ. ಕೆರೆಯಂಗಳದಲ್ಲಿ ಬೆಳೆದು ನಿಂತ ಬಳ್ಳಾರಿ ಜಾಲಿ ಹೊರದೇಶದ ಗಿಡ, ನಮ್ಮ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ನೀಲಗಿರಿ ಮರವನ್ನು ಈ ಕಡೆ ಮೊದಲು ನೆಟ್ಟದ್ದು ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಎನ್ನುತ್ತಾರೆ. ದಾರಿಬದಿಗೆಲ್ಲ ಬಿಳಿ ಹೂ ಬಿಟ್ಟು ನಿಂತಿರುವ ಪಾರ್ಥೇನಿಯಂ, ಜನ ಕಾಂಗ್ರೆಸ್ ಗಿಡ ಎನ್ನುವುದು, ನಮ್ಮಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ಮದಕರಿ ನಾಯಕ ಇದೇ ಬುರುಜಿನ ಮೇಲೆ ನಿಂತಾಗ ಈ ಮೂರರಲ್ಲಿ ಒಂದೂ ಇರಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಕರಿಜಾಲಿ, ಬೇವು, ಹುಣಸೆ, ಸಜ್ಜೆ ನವಣೆಯ ಹೊಲಗಳು. ನೆಲ ಅದೇ, ಬಂಡೆ ಅವೇ. ಮೇಲಿನ ಹೊದಿಕೆ ಮಾತ್ರ ಬೇರೆ.

ಅಡಿಗೆಮನೆಯಲ್ಲೂ ಇದೇ ಎಚ್ಚರ ಬೇಕು. ಮೆಣಸಿನಕಾಯಿ ಪೋರ್ಚುಗೀಸರೊಂದಿಗೆ ಹದಿನಾರನೆಯ ಶತಮಾನದಲ್ಲಿ ಬಂತು. ಹೊಯ್ಸಳರ ಕಾಲದ ಕಥೆಯಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿ, ಹಿಪ್ಪಲಿಯೇ ಗತಿ. ಟೊಮೆಟೊ, ಆಲೂಗಡ್ಡೆ ಇನ್ನೂ ಈಚಿನವು. ದುರ್ಗದ ಕಾವಲುಗಾರ ಪಂಜು ಹೊತ್ತಿಸಬೇಕಾದರೆ ಚಕಮಕಿ ಕಲ್ಲು ಉಜ್ಜಬೇಕು ಅಥವಾ ಕೆಂಡ ಕಾಯ್ದಿಟ್ಟ ಮನೆಗೆ ಹೋಗಬೇಕು; ಬೆಂಕಿಪೊಟ್ಟಣ ಅವನಿಗಿಲ್ಲ. ಇದನ್ನು ಬರಿಯ ತಪ್ಪು ತಪ್ಪಿಸಿಕೊಳ್ಳುವ ಲೆಕ್ಕ ಎಂದು ತಿಳಿಯಬೇಡಿ. ಬೆಂಕಿ ತರಲು ಪಕ್ಕದ ಮನೆಗೆ ಹೋಗಬೇಕಾದ ಹೆಂಗಸಿಗೆ ಆ ಮನೆಯವರೊಡನೆ ಜಗಳವಾಡಿಕೊಂಡು ಇರುವುದು ಸಾಧ್ಯವಿಲ್ಲ. ಅಲ್ಲಿಂದ ಒಂದು ಸಂಬಂಧ ಹುಟ್ಟುತ್ತದೆ, ಸಂಬಂಧದಿಂದ ಕಥೆ.

ಪಂಜಿನ ಜೊತೆ ರಾತ್ರಿಯ ವಿಚಾರವೂ ಬಂದದ್ದರಿಂದ ಪಂಚಾಂಗದ ಬಗ್ಗೆಯೂ ಒಂದು ಮಾತು. ನಮ್ಮ ಎಷ್ಟೋ ಕಥೆಗಳಲ್ಲಿ ಬೆಳುದಿಂಗಳು ಬೇಕೆಂದಾಗ ಬಂದುಬಿಡುತ್ತದೆ. ಶಿವರಾತ್ರಿಯ ಜಾಗರಣೆಯ ದಿನ ಕದ್ದು ಭೇಟಿಯಾದ ಪ್ರೇಮಿಗಳ ಮೇಲೆ ಹಾಲುಚೆಲ್ಲಿದಂಥ ಬೆಳಕು ಬೀಳಿಸುವ ಕಥೆಗಾರ, ಅದು ಬಹುಳ ಚತುರ್ದಶಿ ಎಂಬುದನ್ನು ಮರೆತಿರುತ್ತಾನೆ. ಬೆಳಗಿನ ಜಾವದವರೆಗೆ ಚಂದ್ರನ ಸುಳಿವಿಲ್ಲ, ಬಂದರೂ ಸವೆದ ಗೆರೆಯಷ್ಟೆ. ಹಳೆಯ ಪಂಚಾಂಗ ತೆಗೆದು ತಿಥಿ ನೋಡುವುದು ಕೆಲವೇ ನಿಮಿಷದ ಕೆಲಸ. ವಿದ್ಯುತ್ತಿಲ್ಲದ ಕಾಲದಲ್ಲಿ ಚಂದ್ರನಿದ್ದಾನೋ ಇಲ್ಲವೋ ಎಂಬುದರ ಮೇಲೆ ಜಾತ್ರೆಗೆ ಗಾಡಿ ಹೊರಡುವ ಹೊತ್ತು, ಬಯಲಾಟ ನಡೆಯುವ ರಾತ್ರಿ, ಕಳ್ಳತನ ಎಲ್ಲವೂ ನಿಂತಿರುತ್ತಿದ್ದವು.

ಇನ್ನು ಮಲೆನಾಡಿನ ಕಡೆ ಹೋಗೋಣ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು 1967ರಲ್ಲಿ. ಅದರಲ್ಲಿ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳ ಕಥೆ; ವಿವೇಕಾನಂದರು ಚಿಕಾಗೊದಲ್ಲಿ ಮಾತನಾಡಿದ ಕಾಲ. ಕುವೆಂಪು ಹುಟ್ಟಿದ್ದು 1904ರಲ್ಲಿ. ಅಂದರೆ ತಾವು ಹುಟ್ಟುವ ಮೊದಲಿನ ತೀರ್ಥಹಳ್ಳಿ ಸೀಮೆಯನ್ನು ಅವರು ಕಟ್ಟಿಕೊಡಬೇಕಿತ್ತು. ಆ ಕಾದಂಬರಿಯ ದೂರಗಳನ್ನು ಗಮನಿಸಿ. ಅಲ್ಲಿ ಎಲ್ಲರೂ ನಡೆಯುತ್ತಾರೆ. ನಾಯಿ ಹುಲಿಯನನ್ನು ಜೊತೆಗೆ ಕಟ್ಟಿಕೊಂಡು ಗುತ್ತಿ ನಡೆಯುತ್ತಾನೆ, ಕೂಲಿಯವರು ಘಟ್ಟ ಹತ್ತಿ ಬರುತ್ತಾರೆ, ಹೆಣ್ಣುಗಳು ಕತ್ತಲಲ್ಲಿ ಕಾಡು ದಾಟುತ್ತಾರೆ. ಸುದ್ದಿ ಮನುಷ್ಯನ ಕಾಲಿನ ವೇಗದಲ್ಲಿ ಹೋಗುತ್ತದೆ. ಒಬ್ಬ ಹೊರಟ ಮೇಲೆ ಇನ್ನೊಬ್ಬನಿಗೆ ತಿಳಿಯುವುದರೊಳಗೆ ಒಂದು ಮದುವೆ ಮುರಿಯಬಹುದು, ಒಂದು ಜೀವ ಹೋಗಬಹುದು. ಅಂಥ ಲೋಕಕ್ಕೆ ಒಂದು ಬೈಸಿಕಲ್ಲು ಬಂದಾಗ ಜನ ಬೆರಗಾಗಿ ನೋಡುವುದು ಸುಮ್ಮನೆ ತಮಾಷೆಗೆ ಬಂದ ದೃಶ್ಯವಲ್ಲ. ಅಲ್ಲಿಯವರೆಗಿನ ಎಲ್ಲ ದೂರಗಳೂ ಬದಲಾಗಲಿವೆ ಎಂಬ ಸೂಚನೆ ಅದರಲ್ಲಿದೆ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆ ಹುಲಿಯನನ್ನು ಎಳೆದುಕೊಂಡು ಹೋಗುತ್ತದಲ್ಲ, ಆ ಹೊಳೆಯ ಮಳೆಗಾಲದ ಸೆಳೆತ ಗೊತ್ತಿಲ್ಲದವರು ಅದನ್ನು ಬರೆಯಲಾರರು. ದೋಣಿಯಲ್ಲಿ ಯಾರಿಗೆ ಜಾಗ, ಯಾರಿಗಿಲ್ಲ, ಈಜುವ ನಾಯಿಗೆ ದಡ ಎಷ್ಟು ದೂರ, ಎಲ್ಲವೂ ಕೈಲೆಕ್ಕದಷ್ಟು ಖಚಿತವಾಗಿರಬೇಕು. ನನಗೆ ಆ ಪುಟಗಳನ್ನು ಇವತ್ತಿಗೂ ನಿಲ್ಲಿಸದೆ ಓದಲು ಆಗುವುದಿಲ್ಲ.

ಮಲೆನಾಡು ಎಂದೊಡನೆ ಹೊಸಬರ ಲೇಖನಿಯಿಂದ ಬರುವುದು ಮಂಜು, ಹಸಿರು, ಜಿಟಿಜಿಟಿ ಮಳೆ. ಇವೆಲ್ಲ ನಿಜವೇ. ಆದರೆ ಯಾರ ಕಣ್ಣಿಗೆ ನಿಜ? ಒಂದು ಅಡಿಕೆ ತೋಟದ ಮನೆಯ ಅಂಗಳವನ್ನು ತೆಗೆದುಕೊಳ್ಳಿ. ಕೊಯ್ಲಿನ ಕಾಲ. ಸುಲಿದು ಬೇಯಿಸಿದ ಅಡಿಕೆಯನ್ನು ಹರವಿದ್ದಾರೆ. ಹಂಡೆಯಲ್ಲಿ ಚೊಗರು, ಅಡಿಕೆ ಬೆಂದ ನೀರು, ಕಪ್ಪಗೆ ಕುದಿಯುತ್ತಿದೆ. ಪಡುವಣದಲ್ಲಿ ಅಕಾಲದ ಮೋಡ ಕಟ್ಟಿದೆ. ಯಜಮಾನನ ಕಣ್ಣು ಮೋಡದ ಮೇಲಿದೆ: ನೆನೆದ ಅಡಿಕೆಗೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಮಂಡಿಯಲ್ಲಿ ದರ ಹೋಗುತ್ತದೆ. ಗೊನೆ ಇಳಿಸುವ ಕೊನೆಗಾರ ಮರದ ತುದಿಯಲ್ಲಿದ್ದಾನೆ. ಅವನಿಗೆ ಮೋಡ ಕಾಣುವುದು ಗಾಳಿಯಾಗಿ. ಮರ ತೊನೆಯುವುದು ಎಷ್ಟು, ಇಲ್ಲಿಂದ ಪಕ್ಕದ ಮರಕ್ಕೆ ಕೈ ಚಾಚಬಹುದೆ, ಬೇಡವೆ? ಒಳಗೆ ಸುಲಿಯುವ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿದ್ದಾರೆ. ಅವರಿಗೆ ಆಕಾಶವೇ ಕಾಣದು. ಬುಟ್ಟಿ ತುಂಬಿದ್ದು ಎಷ್ಟು, ಲೆಕ್ಕ ಬರೆದುಕೊಂಡದ್ದು ಎಷ್ಟು ಎಂಬುದು ಕಾಣುತ್ತದೆ. ಬಯಲುಸೀಮೆಯಿಂದ ಮದುವೆಯಾಗಿ ಬಂದ ಸೊಸೆಯೊಬ್ಬಳು ಜಗಲಿಯಲ್ಲಿ ನಿಂತಿದ್ದರೆ, ಅವಳೊಬ್ಬಳಿಗೆ ಆ ಮೋಡ ಚಂದ ಕಂಡೀತು. ಒಂದೇ ಅಂಗಳ, ಒಂದೇ ಮೋಡ. ವರ್ಣನೆ ಯಾರದೆಂದು ಗೊತ್ತಾಗದೆ ವರ್ಣನೆ ಬರೆಯಲು ಕೂರಬಾರದು.

ಇದೇ ತೋಟವನ್ನು 1890ರ ಕಥೆಗೆ ಒಯ್ಯುವುದಾದರೆ ಇನ್ನೊಂದು ಸಂಗತಿ ತಿಳಿದಿರಬೇಕು. ಇವತ್ತು ಮಳೆಗಾಲಕ್ಕೆ ಮುಂಚೆ ಕೊಳೆರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ಕೆಲಸ ಮಾಡಿ ಅದನ್ನು ಬಳಕೆಗೆ ತಂದದ್ದು 1910ರ ಆಸುಪಾಸಿನಲ್ಲಿ. ಅದಕ್ಕೆ ಹಿಂದೆ ಗೊನೆಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಅಂದರೆ ಮಳೆ ಹಿಡಿಯುವ ಮೊದಲು ಪ್ರತಿ ಮರವನ್ನೂ ಹತ್ತಿ, ಪ್ರತಿ ಗೊನೆಗೂ ಮಳೆನೀರು ತಾಗದಂತೆ ಹೊದಿಕೆ ಕಟ್ಟಿ ಇಳಿಯುವ ಕೆಲಸ. ಎಷ್ಟು ಆಳು ಬೇಕು, ಆಳು ಸಿಗದ ಸಣ್ಣ ಹಿಡುವಳಿದಾರನ ಗತಿ ಏನು, ಆ ಹೊತ್ತಿನಲ್ಲಿ ಕೊನೆಗಾರನೊಬ್ಬ ಸಾಲ ಕೊಟ್ಟವನ ಮುಂದೆ ತಲೆಯೆತ್ತಿ ಮಾತನಾಡಲು ಸಾಧ್ಯವಾಗುತ್ತಿತ್ತೆ? ಒಂದು ರೋಗದ ಚರಿತ್ರೆ ಹುಡುಕಿಕೊಂಡು ಹೋದವನಿಗೆ ಊರಿನ ಬಲಾಬಲಗಳ ಲೆಕ್ಕ ಸಿಕ್ಕಿದರೆ ಆಶ್ಚರ್ಯವಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಚಿತ್ರದುರ್ಗದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. "ಮಳೆ ಬಂತು" ಎಂಬ ಎರಡೇ ಪದ ಎರಡೂ ಕಡೆ ಬರೆಯಬಹುದು, ಆದರೆ ಕೇಳುವವರ ಮೈಯಲ್ಲಿ ಆಗುವುದು ಬೇರೆ. ಒಂದು ಕಡೆ ಸೌದೆ ಒಳಗಿಟ್ಟಿದ್ದೇವೆಯೇ ಎಂಬ ಚಿಂತೆ, ಇನ್ನೊಂದು ಕಡೆ ಬೀಜ ತೆಗೆಯೋಣವೆ ಎಂಬ ಆಸೆ. ಬೇಸಾಯ ಮಾಡುವವರ ಬಾಯಲ್ಲಿ ಜೂನ್ ಎರಡನೆಯ ವಾರ ಎಂಬುದಿಲ್ಲ. ಮೃಗಶಿರೆ ಹುಟ್ಟಿತು, ಆರಿದ್ರೆ ಬಂತು ಎನ್ನುತ್ತಾರೆ. ಪಾತ್ರ ರೈತನಾಗಿದ್ದು ಕಥೆಗಾರ ಇಂಗ್ಲಿಷ್ ತಿಂಗಳುಗಳಲ್ಲಿ ಯೋಚಿಸುತ್ತಿದ್ದರೆ ಆ ರೈತ ಪೇಟೆಯಿಂದ ವೇಷ ಹಾಕಿಕೊಂಡು ಬಂದವನಾಗಿಬಿಡುತ್ತಾನೆ.

ಇಲ್ಲದ ಊರನ್ನು ಕಟ್ಟುವವರಿಗೂ ಇದು ತಪ್ಪಿದ್ದಲ್ಲ. ಆರ್.ಕೆ. ನಾರಾಯಣರ ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲ. 1935ರ ಮೊದಲ ಕಾದಂಬರಿಯಿಂದ ಹಿಡಿದು ಕೊನೆಯವರೆಗೂ ಸರಯೂ ನದಿ, ಮಾರ್ಕೆಟ್ ರಸ್ತೆ, ಕಬೀರ್ ಬೀದಿ ತಂತಮ್ಮ ಜಾಗ ಹಿಡಿದುಕೊಂಡಿವೆ. ತೇಜಸ್ವಿಯವರ 'ಚಿದಂಬರ ರಹಸ್ಯ'ದ ಕೆಸರೂರು ಕಲ್ಪನೆಯ ಊರಾದರೂ ಅಲ್ಲಿನ ಏಲಕ್ಕಿ ಬೆಳೆಯ ಸಂಕಟ, ಕಾಡಿನ ಬೆಂಕಿ ಅವರು ಬದುಕಿದ ಮೂಡಿಗೆರೆ ಸೀಮೆಯಿಂದಲೇ ಬಂದವು. ಊರಿನ ಹೆಸರನ್ನು ಕಲ್ಪಿಸಿಕೊಳ್ಳಬಹುದು, ಅಲ್ಲಿ ಬೆಳೆಯುವ ಬೆಳೆಯನ್ನಲ್ಲ.

ದೂರದ ಊರಿನಲ್ಲಿ ಕುಳಿತು ಬರೆಯುವವರ ವಿಚಾರವೂ ಇದೆ. ಯಶವಂತ ಚಿತ್ತಾಲರು ಬದುಕಿನ ಬಹುಭಾಗ ಮುಂಬಯಿಯಲ್ಲಿ ಕಳೆದರು. ಅವರ ಕಥೆಗಳ ಹನೇಹಳ್ಳಿ ಉತ್ತರ ಕನ್ನಡದ್ದು. ಅವರೇ ಬರೆದ 'ಶಿಕಾರಿ' ಮುಂಬಯಿಯ ದೊಡ್ಡ ಕಂಪನಿಯೊಂದರ ಒಳಗೆ ನಡೆಯುತ್ತದೆ. ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು. ಆಫೀಸಿನ ಕೋಣೆಗಳಲ್ಲಿ ಯಾರ ಬಾಗಿಲು ಯಾರಿಗೆ ತೆರೆಯುತ್ತದೆ, ಒಂದು ಕಾಗದ ಯಾರ ಮೇಜಿನಿಂದ ಯಾರ ಮೇಜಿಗೆ ಹೋದರೆ ಒಬ್ಬನ ಬದುಕು ಅಲುಗಾಡುತ್ತದೆ ಎಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. ನಮ್ಮಲ್ಲಿ ಹಳ್ಳಿಯೆಂದರೆ ಸಂಶೋಧನೆ ಬೇಕು, ಆಫೀಸು ಕಾರ್ಖಾನೆಗಳಿಗೆ ಬೇಡ ಎಂಬ ಭಾವನೆ ಹೇಗೋ ಬೇರೂರಿದೆ. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳ ಬಗ್ಗೆ ಬರೆಯುವವರು ಊಟದ ಬಿಡುವು ಎಷ್ಟು ಹೊತ್ತು, ಶೌಚಾಲಯ ಎಷ್ಟು ದೂರ, ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಪಕ್ಕದವಳೊಡನೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಂಡರೆ ಕಥೆಯ ಅರ್ಧ ಕೆಲಸ ಆದಂತೆ.

ಎಸ್.ಎಲ್. ಭೈರಪ್ಪನವರು 'ಪರ್ವ' ಬರೆಯುವ ಮುಂಚೆ ಕುರುಕ್ಷೇತ್ರ, ದ್ವಾರಕೆ ಮೊದಲಾದ ಕಡೆ ತಿರುಗಾಡಿದ್ದನ್ನು, ಹಿಮಾಲಯದ ಹಳ್ಳಿಗಳಲ್ಲಿ ಬಹುಪತಿತ್ವದ ಪದ್ಧತಿ ಇನ್ನೂ ಉಳಿದಿದ್ದ ಜನರ ನಡುವೆ ಓಡಾಡಿದ್ದನ್ನು ತಾವೇ ಬರೆದುಕೊಂಡಿದ್ದಾರೆ. ಮಹಾಭಾರತದಲ್ಲಿ ದ್ರೌಪದಿಯ ಮದುವೆ ನಮಗೆ ಒಂದು ಕಥೆ. ಆ ಹಳ್ಳಿಗಳ ಮನೆಗಳಲ್ಲಿ ಅದು ಹೊಲ ಹಂಚಿಹೋಗದಂತೆ ಕಾಯ್ದುಕೊಳ್ಳುವ ಒಂದು ರೀತಿ. ತಿರುಗಾಟದಿಂದ ಆಗುವ ಲಾಭ ಇಂಥದು. ಬೆಟ್ಟದ ಬಣ್ಣ ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ.

ಎಲ್ಲರಿಗೂ ತಿರುಗುವ ಅನುಕೂಲವಿರುವುದಿಲ್ಲ. ಕಾಗದಪತ್ರಗಳ ಕಡೆಗೂ ಒಂದು ದಾರಿಯಿದೆ. ಟಿಪ್ಪು ಸುಲ್ತಾನ ಮಡಿದ ಮೇಲೆ, 1800 ಮತ್ತು 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನು ಸುತ್ತಿದ. ಚಿತ್ರದುರ್ಗಕ್ಕೂ ಬಂದ. ಯಾವ ಮಣ್ಣಿನಲ್ಲಿ ಯಾವ ಬೆಳೆ, ನೇಗಿಲು ಹೇಗಿದೆ, ಕೂಲಿ ಎಷ್ಟು, ನೇಕಾರರು ಏನು ನೇಯುತ್ತಾರೆ ಎಲ್ಲವನ್ನೂ ಬರೆದಿಟ್ಟ. ಆಳುವವರ ಲಾಭಕ್ಕಾಗಿ ಬರೆದ ವರದಿ ಅದು, ಅವನ ಅಭಿಪ್ರಾಯಗಳನ್ನು ಒಪ್ಪಬೇಕಾಗಿಲ್ಲ; ಆದರೆ ಮದಕರಿ ಸೆರೆಯಾಗಿ ಇಪ್ಪತ್ತೆರಡು ವರ್ಷಗಳ ಬಳಿಕ ಆ ದಾರಿಯಲ್ಲಿ ಹೋದವನ ಕಣ್ಣು ನಮಗೆ ಬೇರೆಲ್ಲಿ ಸಿಕ್ಕೀತು? ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗ್ಯಾಸೆಟಿಯರ್, ಶಾಸನ ಸಂಪುಟಗಳು ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಮನೆಯ ಪೆಟ್ಟಿಗೆಯಲ್ಲಿರುವ ಕ್ರಯಪತ್ರ. ಹಳೆಯ ಕ್ರಯಪತ್ರದಲ್ಲಿ ಚೆಕ್ಕುಬಂದಿ ಎಂಬ ಭಾಗವಿರುತ್ತದೆ, ಆಸ್ತಿಯ ನಾಲ್ಕೂ ಎಲ್ಲೆಗಳನ್ನು ಹೇಳುವ ಭಾಗ. ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಹಳ್ಳ, ತೆಂಕಲಿಗೆ ದೇವರ ಬನ, ಬಡಗಲಿಗೆ ಗಾಡಿದಾರಿ, ಅದರ ಅಂಚಿನ ಹಲಸಿನ ಮರ ಎರಡು, ಬಾವಿಯ ನೀರಿನ ಹಕ್ಕು ಸಹಿತ. ಇಷ್ಟನ್ನು ಓದಿದರೆ ನಿಂತ ಕಡೆಯಿಂದ ನಾಲ್ಕು ದಿಕ್ಕಿಗೂ ಏನು ಕಾಣುತ್ತಿತ್ತೆಂದು ತಿಳಿಯುತ್ತದೆ. ಯಾರೊಡನೆ ಬದು ಹಂಚಿಕೊಂಡಿದ್ದರು, ಯಾರೊಡನೆ ಜಗಳ ಬರಬಹುದಿತ್ತು ಎಂದೂ ತಿಳಿಯುತ್ತದೆ. ಎರಡು ತಲೆಮಾರಿನ ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ದೇವರ ಬನ ಇದ್ದ ದಿಕ್ಕಿನಲ್ಲಿ ಎರಡನೆಯದರಲ್ಲಿ ಒಬ್ಬ ಮನುಷ್ಯನ ಹೆಸರಿದ್ದರೆ, ಆ ನಡುವೆ ಏನಾಯಿತು ಎಂಬುದೇ ಒಂದು ಕಾದಂಬರಿ.

ಕಾಗದವೂ ಸಾಲದ ಒಂದು ಸಂದರ್ಭವಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಊರೇ ಇಲ್ಲವಾಗಿದ್ದರೆ? ಶರಾವತಿಗೆ ಅಡ್ಡಲಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ಅದರ ಜೊತೆಗೆ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು, ತೋಟಗಳು, ಗದ್ದೆಗಳು ನೀರಿನಡಿಗೆ ಹೋದವು. ನಾ. ಡಿಸೋಜ ಆ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅಲ್ಲಿಯೇ ಇದ್ದವರು. ಕಟ್ಟುವವರ ಕಡೆಯಿಂದ ಸಂಬಳ ಪಡೆಯುತ್ತ, ಮುಳುಗುವವರ ಕಡೆಗೆ ಕಣ್ಣಿಟ್ಟು 'ಮುಳುಗಡೆ', 'ದ್ವೀಪ' ಬರೆದರು. ನೀರು ಏರುವ ಮನೆಯಲ್ಲಿ ಇನ್ನೂ ಸಂಸಾರ ನಡೆಸುತ್ತಿರುವವರ ಕಥೆಯನ್ನು ಅವರಷ್ಟು ಹತ್ತಿರದಿಂದ ಬರೆದವರು ಕಡಿಮೆ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದಾಗ ಆ ನೀರನ್ನು ನಾಡಿನ ಆಚೆಯವರೂ ನೋಡಿದರು.

ಆ ಊರುಗಳಲ್ಲಿ ಹುಟ್ಟಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಳುಗುವಾಗ ಇಪ್ಪತ್ತು ವರ್ಷ ಆಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರು ಬೇರೆ ತಾಲ್ಲೂಕುಗಳಲ್ಲಿ, ಕಾಡು ಕಡಿದು ಕೊಟ್ಟ ಜಮೀನುಗಳಲ್ಲಿ, ಮಕ್ಕಳ ಜೊತೆ ಪೇಟೆಯ ಮನೆಗಳಲ್ಲಿ ಇದ್ದಾರೆ. ಬರೆಯುವ ಆಸೆಯಿರುವ ಮೊಮ್ಮಕ್ಕಳು ಯಾರಾದರೂ ಈ ಮಾತು ಕೇಳುತ್ತಿದ್ದರೆ ಅವರಿಗೆ ನನ್ನದೊಂದು ಕೋರಿಕೆ. ಅಜ್ಜನ ಹತ್ತಿರ ಕೂತು "ಊರು ಹೇಗಿತ್ತು?" ಎಂದು ಕೇಳಬೇಡಿ. "ಚಂದ ಇತ್ತು ಮಗಾ" ಎಂದು ಹೇಳಿ ಅವರು ಸುಮ್ಮನಾಗಿಬಿಡುತ್ತಾರೆ. ಅಷ್ಟು ದೊಡ್ಡ ಪ್ರಶ್ನೆಗೆ ಅಷ್ಟೇ ಉತ್ತರ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಏನಿತ್ತು ಎಂದು ಕೇಳಿ. ಬಟ್ಟೆ ಒಗೆಯಲು ಎಲ್ಲಿಗೆ ಹೋಗುತ್ತಿದ್ದರು, ದಾರಿಯಲ್ಲಿ ಯಾರ ಮನೆ ಸಿಗುತ್ತಿತ್ತು, ಯಾರ ಮನೆಯ ನಾಯಿಗೆ ಹೆದರುತ್ತಿದ್ದರು, ಕೇಳಿ. ಶಾಲೆಗೆ ಹೋಗುವಾಗ ಹಳ್ಳ ದಾಟಲು ಸಂಕವಿತ್ತೆ, ಅದು ಯಾವ ಮರದ್ದು, ಯಾವ ಮಳೆಗೆ ಕೊಚ್ಚಿಹೋಗುತ್ತಿತ್ತು? ಹೆರಿಗೆ ನೋವು ಬಂದರೆ ಸೂಲಗಿತ್ತಿಯನ್ನು ಕರೆತರಲು ಎಷ್ಟು ಹೊತ್ತು ಬೇಕಾಗುತ್ತಿತ್ತು? ಹೆಣ ಸುಡುವ ಜಾಗ ಯಾವ ದಿಕ್ಕಿಗಿತ್ತು, ಆ ದಿಕ್ಕಿನ ಗದ್ದೆ ಯಾರದಾಗಿತ್ತು? ಊರು ಬಿಡುವ ದಿನ ಗಾಡಿಗೆ ಏನನ್ನು ಏರಿಸಿದರು, ಏನನ್ನು ಬಿಟ್ಟರು, ದನಗಳು ಹಿಂದಿರುಗಿ ಓಡಿದವೆ?

ಅಜ್ಜಿಯನ್ನೂ ಬೇರೆಯಾಗಿ ಕೇಳಿ, ಅಜ್ಜ ಎದುರಿಗಿಲ್ಲದಾಗ. ಅವರ ಊರಿನ ನಕ್ಷೆಯಲ್ಲಿ ಬಾವಿ, ಹಿತ್ತಲು, ಅಕ್ಕಪಕ್ಕದ ಅಡಿಗೆಮನೆಗಳೇ ದೊಡ್ಡದಾಗಿ ಇರುತ್ತವೆ. ಅಜ್ಜನ ನಕ್ಷೆಯ ಸಂತೆದಾರಿ ಅದರಲ್ಲಿ ಇಲ್ಲದೆಯೂ ಇರಬಹುದು. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಕೊಟ್ಟು ಬರೆಯಲು ಹೇಳಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ, ಅವರಿಗೆ ನಡೆಯುವ ಶಕ್ತಿ ಇನ್ನೂ ಇದ್ದರೆ, ಬರೆದ ಹಾಳೆಯನ್ನು ಕೈಯಲ್ಲಿ ಹಿಡಿದು ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ಈ ವರ್ಷವೇ ಹೋಗಿ.